ಕಾರು ಕುಡಿದ ಎಣ್ಣೆಯ ಲೆಕ್ಕ



ಹೋದ ಸಂಚಿಕೆಯಲ್ಲಿ ಹುಣಸೆಹಣ್ಣಿಗೆ ಹುಳು ಬೀಳದಂತೆ ಇಡುವುದು ಹೇಗೆ ಅಂತ ಬರೆದಿದ್ದೆ. ಈ ಸಲ ಕಾರಿನ ವಿಷಯ. "ಅಯ್ಯೋ, ಕಾರಿಗೂ ನಮಗೂ ಏನಮ್ಮಾ ಸಂಬಂಧ? ಅದು ಗಂಡಸರ ಪಾಡು" ಅಂತ ಪುಟ ತಿರುವಬೇಡಿ. ನಾನೂ ಹಾಗೇ ಅಂದುಕೊಂಡಿದ್ದವಳೇ. ಆದರೆ ಕಾರು ಕೊಳ್ಳುವಾಗ ಮುರಿಸುವುದು ಮನೆಯ ಡಿಪಾಜಿಟ್ಟು. ಅದು ಕೆಟ್ಟು ನಿಂತಾಗ ಅಡವಿಗೆ ಹೋಗುವುದು ನಮ್ಮ ಕೈಯ ಬಳೆ. ಹೌದಲ್ಲವೇ?

ನಮ್ಮ ಮನೆ ಬೆಂಗಳೂರಿನ ಹಳೇ ಪೇಟೆಯೊಳಗೆ, ಅಕ್ಕಿಪೇಟೆಯಲ್ಲಿ. ಒಂದು ಕಾಲಕ್ಕೆ ಇಲ್ಲಿ ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೇಪೇಟೆ, ಎಣ್ಣೆ ತೆಗೆಯುವವರಿಗೆ ಗಾಣಿಗರಪೇಟೆ. ಈಗ ಎಲ್ಲ ಕಡೆ ಎಲ್ಲ ಸಾಮಾನೂ ಸಿಗುತ್ತದೆ, ಕಾಲಿಡೋಕೆ ಮಾತ್ರ ಜಾಗ ಸಿಗೋದಿಲ್ಲ! ಇಂಥ ಕಡೆ ಕಾರು ಯಾಕೆ ಅಂತೀರಾ? ಅತ್ತೆಯವರಿಗೆ ಮಂಡಿ ನೋವು, ಆಟೋ ಹತ್ತಿ ಇಳಿಯಲಾರರು. ಆಸ್ಪತ್ರೆಗೆ ಹೋಗಬೇಕು, ವಾರಕ್ಕೊಮ್ಮೆ ತುಮಕೂರಿನ ಕಡೆ ಇರುವ ತೋಟವನ್ನೂ ನೋಡಿ ಬರಬೇಕು. ಮಗಳ ಮದುವೆಗೆಂದು ಇಟ್ಟಿದ್ದ ಡಿಪಾಜಿಟ್ಟಿನಲ್ಲಿ ಅರ್ಧ ಮುರಿಸಿ ಚಿಕ್ಕದೊಂದು ಹೊಸ ಕಾರು ತಂದೆವು. ನನಗೆ ಅಷ್ಟು ಮನಸ್ಸಿರಲಿಲ್ಲ. "ಮೂರು ವರ್ಷ ವಾರಂಟಿ ಇದೆ ಕಣೇ, ಒಂದು ಪೈಸೆ ಖರ್ಚಿಲ್ಲ" ಅಂತ ನಮ್ಮವರು ಒಪ್ಪಿಸಿದರು.

ಮೊನ್ನೆ ಗೌರಿ ಹಬ್ಬಕ್ಕೆ ಮುಂಚೆ ಮನೆ ಗುಡಿಸಿ ಸಾರಿಸುವಾಗ ಮೆಟ್ಟಿಲ ಕೆಳಗೆ ಅಕ್ಕಿ ಡ್ರಮ್ಮಿನ ಹಿಂದೆ ಮೂರು ಖಾಲಿ ಡಬ್ಬ ಸಿಕ್ಕಿದವು. ಮೂಸಿ ನೋಡಿದೆ, ಅಡಿಗೆ ಎಣ್ಣೆಯಲ್ಲ.

"ಇದೇನ್ರೀ?" ಅಂದೆ.

ನಮ್ಮವರು ತಲೆ ತಗ್ಗಿಸಿದರು. "ಕಾರಿನ ಎಂಜಿನ್ ಎಣ್ಣೆ ಕಣೇ. ನಾಲ್ಕು ತಿಂಗಳಿಂದ ಕಡಿಮೆ ಆಗ್ತಾ ಇದೆ. ಆಗಾಗ ಹಾಕ್ತಾ ಇದ್ದೀನಿ. ನಿನಗೆ ಹೇಳಿದರೆ ಡಿಪಾಜಿಟ್ಟಿನ ಮಾತು ಎತ್ತುತ್ತೀಯ ಅಂತ ಸುಮ್ಮನಿದ್ದೆ."

ಎತ್ತಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ವಾರಂಟಿ ಮುಗಿಯಲು ಉಳಿದಿದ್ದೇ ಮೂರು ತಿಂಗಳು ಚಿಲ್ಲರೆ. ಕಲಾಸಿಪಾಳ್ಯದ ಪರಿಚಯದ ಮೇಸ್ತ್ರಿಯೊಬ್ಬರನ್ನು ಕೇಳಿದ್ದಕ್ಕೆ, "ಎಂಜಿನ್ ಬಿಚ್ಚಬೇಕಾದರೆ ಎಂಬತ್ತು ತೊಂಬತ್ತು ಸಾವಿರ ಇಟ್ಟುಕೊಳ್ಳಿ ಅಮ್ಮಾ" ಅಂದರು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಎಣ್ಣೆ ಹೋಗುವುದೆಲ್ಲಿಗೆ ಅಂತ ಕೇಳಿದಾಗ ಆ ಮೇಸ್ತ್ರಿಯೇ ತಿಳಿಸಿ ಹೇಳಿದರು. ಎಂಜಿನ್ನಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಅದರ ಸುತ್ತ ಬಳೆಯಂಥ ರಿಂಗುಗಳು. ಒಂದೆರಡು ರಿಂಗು ನಮ್ಮ ಕುಕ್ಕರಿನ ರಬ್ಬರಿನ ಹಾಗೆ ಒತ್ತಡ ಹಿಡಿದಿಡುತ್ತವೆ. ಇನ್ನೊಂದು, ಪಾತ್ರೆಗೆ ಅಂಟಿದ ದೋಸೆ ಹಿಟ್ಟನ್ನು ನಾವು ಕೈಯಲ್ಲಿ ಬಳಿಯುತ್ತೇವಲ್ಲ, ಹಾಗೆ ಗೋಡೆಯ ಎಣ್ಣೆಯನ್ನು ಕೆಳಕ್ಕೆ ಬಳಿಯುತ್ತದೆ. ಈ ರಿಂಗು ಸವೆದರೆ, ಇಲ್ಲವೇ ಮಸಿ ಕಟ್ಟಿ ಅಂಟಿಕೊಂಡರೆ, ಎಣ್ಣೆ ಮೇಲಕ್ಕೆ ನುಸುಳಿ ಪೆಟ್ರೋಲಿನ ಜೊತೆ ಉರಿದುಹೋಗುತ್ತದೆ. ಹೊಗೆ ಕೊಳವೆಯಲ್ಲಿ ನೀಲಿ ಹೊಗೆ ಕಂಡರೆ ಇದರ ಗುರುತು. ವಾಲ್ವಿನ ಸೀಲು ಗಟ್ಟಿಯಾದರೂ ಹೀಗಾಗಬಹುದು. ಇಲ್ಲವೇ ಎಲ್ಲೋ ಸೋರುತ್ತಿರಬಹುದು. ಅದಕ್ಕೆ ರಾತ್ರಿ ಕಾರಿನ ಕೆಳಗೆ ಹಳೇ ರಟ್ಟು ಹಾಸಿಟ್ಟು ಬೆಳಿಗ್ಗೆ ನೋಡಿದೆವು. ಒಂದು ಹನಿಯೂ ಇರಲಿಲ್ಲ. ಅಂದಮೇಲೆ ಕಾರು ಎಣ್ಣೆ ಕುಡಿಯುತ್ತಿದೆ ಅಂತಾಯಿತು.

ಮರುದಿನವೇ ಕಾರು ಕೊಂಡ ಷೋರೂಮಿಗೆ ಹೋದೆವು. ಹೆಸರು ಬೇಡ ಬಿಡಿ. ಅಲ್ಲಿನ ಹುಡುಗ ಬಹಳ ಮರ್ಯಾದೆಯಿಂದ ಕೂರಿಸಿ ಕಾಫಿ ಕೊಟ್ಟ. "ಎಲ್ಲಾ ಗಾಡೀಲೂ ಸ್ವಲ್ಪ ಎಣ್ಣೆ ಹೋಗತ್ತೆ ಮೇಡಂ. ನೀವು ಪೇಟೆ ಟ್ರಾಫಿಕ್‌ನಲ್ಲಿ ಓಡಿಸ್ತೀರಲ್ಲ, ಅದಕ್ಕೇ" ಅಂದು, ಎಣ್ಣೆ ತುಂಬಿಸಿ ಕಳಿಸಿಕೊಟ್ಟ. ಮನೆಗೆ ಬಂದು ಅವರು ಕೊಟ್ಟ ಜಾಬ್ ಕಾರ್ಡ್ ಓದಿದರೆ ಅದರಲ್ಲಿ "ಜನರಲ್ ಚೆಕಪ್" ಅಂತಷ್ಟೇ ಇತ್ತು. ಎಣ್ಣೆಯ ಮಾತೇ ಇಲ್ಲ! ನಾವು ದೂರು ಕೊಟ್ಟೆವು ಎನ್ನುವುದಕ್ಕೆ ಸಾಕ್ಷಿ ಒಂದು ಲೋಟ ಕಾಫಿ ಮಾತ್ರ.

ಆಗ ನನಗೆ ಬುದ್ಧಿ ಬಂತು. ಹಾಲಿನವನು "ಅಮ್ಮಾ, ಈ ತಿಂಗಳು ಅರವತ್ತು ಲೀಟರ್" ಅಂದರೆ ನಾವು ಒಪ್ಪುತ್ತೇವೆಯೇ? ಕ್ಯಾಲೆಂಡರಿನಲ್ಲಿ ಬರೆದದ್ದನ್ನು ತೋರಿಸಿ "ಐವತ್ತೇಳು ಕಣಪ್ಪಾ" ಅನ್ನುತ್ತೇವೆ. "ಎಣ್ಣೆ ತುಂಬಾ ಹೋಗತ್ತೆ" ಅನ್ನುವುದು ಬರೀ ಮಾತು. "ಇಷ್ಟು ಕಿಲೋಮೀಟರಿಗೆ ಇಷ್ಟು ಮಿಲಿ ಲೀಟರ್" ಅನ್ನುವುದು ಲೆಕ್ಕ. ಮಾತಿಗೆ ಮಾತಿನ ಉತ್ತರ ಕೊಟ್ಟು ಕಳಿಸಬಹುದು. ಲೆಕ್ಕಕ್ಕೆ ಲೆಕ್ಕವೇ ಕೊಡಬೇಕು.

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲೇ ಶುರು ಮಾಡಿದೆ. ವಾರಕ್ಕೊಮ್ಮೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಒಂದೇ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಣ್ಣೆ ಅಳೆಯುವ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದು ನೋಡುವುದು. ಕಡ್ಡಿಯ ಮೇಲೆ ಎರಡು ಗುರುತು ಇರುತ್ತದೆ. ಎಷ್ಟೋ ಕಾರುಗಳಲ್ಲಿ ಮೇಲಿನ ಗುರುತಿಗೂ ಕೆಳಗಿನದಕ್ಕೂ ಸುಮಾರು ಒಂದು ಲೀಟರ್ ಅಂತರ. ತಾರೀಖು, ಓಡಿದ ಕಿಲೋಮೀಟರು, ಎಣ್ಣೆಯ ಮಟ್ಟ, ಹಾಕಿದ ಎಣ್ಣೆ, ಇಷ್ಟನ್ನು ಬರೆದೆ. ಕಡ್ಡಿಗೂ ಮೀಟರಿಗೂ ಮಗ ಫೋನಿನಲ್ಲಿ ಫೋಟೋ ತೆಗೆದ. ಐದು ವಾರದಲ್ಲಿ 1000 ಕಿಲೋಮೀಟರಿಗೆ 700 ಮಿ.ಲೀ. ಹೋಗಿತ್ತು.

ಇನ್ನೊಂದು ಕೆಲಸ ಮಾಡಿದೆ. ಕಾರಿನ ಜೊತೆ ಕೊಟ್ಟ ಪುಸ್ತಕ ಓದಿದೆ. ಹೈಸ್ಕೂಲಿನ ಇಂಗ್ಲಿಷೇ ಆದರೂ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದೆ. ಎಣ್ಣೆ ಎಷ್ಟು ಹೋದರೆ ಸಹಜ ಅಂತ ಕೆಲವು ಕಂಪನಿಗಳು ಬರೆದೇ ಇರುತ್ತಾರೆ. ಕೆಲವರು 1000 ಕಿಲೋಮೀಟರಿಗೆ ಅರ್ಧ ಲೀಟರ್ ಅಂದರೆ, ಒಂದು ಲೀಟರ್ ತನಕ ಸಹಜ ಅನ್ನುವವರೂ ಇದ್ದಾರೆ. ನಮ್ಮದರಲ್ಲಿ ಅರ್ಧ ಲೀಟರ್ ಅಂತಿತ್ತು. ನಮ್ಮ ಕಾರು ಕುಡಿದದ್ದು ಅದಕ್ಕಿಂತ ಹೆಚ್ಚು.

ಎರಡನೇ ಸಲ ಹೋದಾಗ ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟೆ. ಈಗ ಮ್ಯಾನೇಜರೇ ಬಂದರು. ಅವರು ಕೇಳಿದ ಒಂದು ಪ್ರಶ್ನೆಗೆ ನನ್ನ ಎದೆ ಧಸಕ್ಕೆಂದಿತು. "ಮಧ್ಯೆ ಮಧ್ಯೆ ನೀವೇ ಎಣ್ಣೆ ಹಾಕಿದ್ದೀರ. ಯಾವ ಎಣ್ಣೆಯೋ ಏನೋ! ಬೇರೆ ಎಣ್ಣೆ ಹಾಕಿದ್ದರೆ ವಾರಂಟಿ ನಡೆಯೋಲ್ಲ." ನಮ್ಮವರು ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಬಿಲ್ಲಿಲ್ಲದೆ ತಂದಿದ್ದರು. ನನ್ನ ಪುಣ್ಯ, ಆ ಮೂರು ಡಬ್ಬ ಹಳೇ ಸಾಮಾನಿನವನಿಗೆ ಹಾಕೋಣ ಅಂತ ಇಟ್ಟವಳು ಮರೆತಿದ್ದೆ. ಮನೆಗೆ ಓಡಿ ತಂದು ತೋರಿಸಿದೆವು. ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯೇ ಆಗಿತ್ತು. ಎಲ್ಲ ಸರ್ವೀಸೂ ಅವರಲ್ಲೇ ಮಾಡಿಸಿದ ಬಿಲ್ಲುಗಳೂ ಇದ್ದವು. ಅವರು ಮತ್ತೆ ಆ ಮಾತು ಆಡಲಿಲ್ಲ.

"ಆಯ್ತು ಮೇಡಂ, ವಾರಂಟಿ ಮುಗಿಯೋ ತನಕ ಎಣ್ಣೆ ಪುಕ್ಕಟೆ ಹಾಕಿಕೊಡ್ತೀವಿ" ಅಂದರು. ನಮ್ಮವರ ಮುಖ ಅರಳಿತು. ನಾನು ಬೇಡವೆಂದೆ. ಸೋರುವ ಕೊಡಕ್ಕೆ ನೀರು ತುಂಬಿಸಿಕೊಟ್ಟರೆ ಕೊಡ ರಿಪೇರಿಯಾಯಿತೇ? "ಎಣ್ಣೆ ಬೇಡಪ್ಪಾ, ಪರೀಕ್ಷೆ ಮಾಡಿ. ನಮ್ಮ ದೂರನ್ನು ನಾವು ಹೇಳಿದ ಹಾಗೇ ಜಾಬ್ ಕಾರ್ಡಿನಲ್ಲಿ ಬರೆಯಿರಿ" ಅಂದೆ. ಬರೆದರು. ಅಂದೇ ಕಂಪನಿಗೂ ಒಂದು ಇ-ಮೇಲ್ ಕಳಿಸಿದೆವು. ಯಾಕೆಂದರೆ ವಾರಂಟಿ ಕೊಡುವುದು ಕಾರು ತಯಾರಿಸಿದ ಕಂಪನಿ. ಷೋರೂಮಿನವರು ರಿಪೇರಿ ಮಾಡಿ, ಖರ್ಚನ್ನು ಅವರಿಂದ ಕೇಳಿ ಪಡೆಯಬೇಕು. ಕಂಪನಿ ಒಪ್ಪದಿದ್ದರೆ ಖರ್ಚು ತಮ್ಮ ತಲೆಗೆ ಎಂಬ ಭಯಕ್ಕೇ ಎಷ್ಟೋ ಸಲ ಅವರು ಹಿಂದೆಮುಂದೆ ನೋಡುವುದು.

ಪರೀಕ್ಷೆ ಹೀಗೆ. ಹಳೇ ಎಣ್ಣೆ ಇಳಿಸಿ, ಹೊಸದನ್ನು ಅಳೆದು ತುಂಬಿ, ಮುಚ್ಚಳಕ್ಕೂ ಕಡ್ಡಿಗೂ ಕೆಳಗಿನ ಬೋಲ್ಟಿಗೂ ಸೀಲು ಹಾಕಿದರು. 1000 ಕಿಲೋಮೀಟರ್ ಓಡಿಸಿಕೊಂಡು ಬನ್ನಿ ಅಂದರು. ಕಾಯಲು ಪುರಸೊತ್ತಿಲ್ಲ. ಅತ್ತೆಯವರನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದೆವು, ಆರುನೂರು ಕಿಲೋಮೀಟರ್ ಆಯಿತು. ಮುಂದಿನ ವಾರ ನಂಜನಗೂಡು. ಉಳಿದದ್ದು ಪೇಟೆಯಲ್ಲೇ ಓಡಿಸಿದೆವು. "ನಿಮ್ಮ ಕಾರು ಎಣ್ಣೆ ಕುಡಿದ ಪುಣ್ಯಕ್ಕೆ ನನಗೆ ಮಂಜುನಾಥನ ದರ್ಶನವಾಯಿತು" ಅಂತ ಅತ್ತೆಯವರಿಗೆ ಸಂತೋಷ! ದಾರಿಯಲ್ಲಿ ನಿಲ್ಲಿಸಿದಾಗಲೆಲ್ಲ ಎಣ್ಣೆ ದೀಪ ನೋಡುತ್ತಿದ್ದೆವು.

ಹಿಂತಿರುಗಿದಾಗ ನಮ್ಮೆದುರಿಗೇ ಸೀಲು ಒಡೆದು ಅಳೆದರು. 740 ಮಿ.ಲೀ. ಕಡಿಮೆ. ನನ್ನ ಹಾಲಿನ ಪುಸ್ತಕದ ಲೆಕ್ಕ ಹೆಚ್ಚುಕಮ್ಮಿ ಸರಿಯಾಗಿತ್ತು.

ಆಮೇಲೂ "ಕಂಪನಿಯಿಂದ ಒಪ್ಪಿಗೆ ಬಂದಿಲ್ಲ" ಅಂತ ಎರಡು ವಾರ ತಳ್ಳಿದರು. ಆಗ 1915ಕ್ಕೆ ಫೋನು ಮಾಡಿದೆವು. ಅದು ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ದೂರಿಗೊಂದು ನಂಬರು ಕೊಟ್ಟರು. ಆ ನಂಬರು ಬರೆದು ಷೋರೂಮಿಗೂ ಕಂಪನಿಗೂ ಮತ್ತೊಂದು ಪತ್ರ ಹಾಕಿದೆವು. ಆರನೇ ದಿನಕ್ಕೆ ಒಪ್ಪಿಗೆ ಬಂತು. ಎಂಜಿನ್ ಬಿಚ್ಚಿ ರಿಂಗುಗಳನ್ನು ಬದಲಾಯಿಸಿದರು, ಹನ್ನೆರಡು ದಿನ ಹಿಡಿಯಿತು. ವಾರಂಟಿ ಮುಗಿಯಲು ಒಂದು ವಾರವಿರುವಾಗ ಕಾರು ಮನೆಗೆ ಬಂತು. ಖರ್ಚು ಸೊನ್ನೆ. ಈಗ ಎರಡು ಸಾವಿರ ಕಿಲೋಮೀಟರ್ ಓಡಿದೆ, ಕಡ್ಡಿಯ ಮೇಲಿನ ಗುರುತು ಹೆಚ್ಚು ಕೆಳಗಿಳಿದಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದಲ್ಲಿ ಸುಬಾರು ಕಾರುಗಳು ಹೀಗೇ ಎಣ್ಣೆ ಕುಡಿಯುತ್ತವೆಂದು ಕೊಂಡವರೆಲ್ಲ ಸೇರಿ ದಾವೆ ಹೂಡಿದ್ದರು. 2016ರಲ್ಲಿ ರಾಜಿಯಾಗಿ, ಕಂಪನಿ ಆ ಕಾರುಗಳ ಎಂಜಿನ್ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ಏರಿಸಿತು.

ಆದರೆ "ಕಾರೇ ಬದಲಾಯಿಸಿ ಕೊಡಿ" ಅಂತ ಹಟ ಹಿಡಿಯುವ ಮುನ್ನ ಒಂದು ಮಾತು. ಮಾರುತಿ ಉದ್ಯೋಗ್ ಕಂಪನಿಯ ಒಂದು ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಏನು ಹೇಳಿತೆಂದರೆ, ವಾರಂಟಿಯಲ್ಲಿ ಕೆಟ್ಟ ಭಾಗವನ್ನು ಸರಿಪಡಿಸುವ ಅಥವಾ ಬದಲಿಸುವ ಮಾತಿದ್ದರೆ ಅಷ್ಟಕ್ಕೇ ಕಂಪನಿ ಬದ್ಧ. ಆದ್ದರಿಂದ ಕೇಳುವುದನ್ನು ಸರಿಯಾಗಿ ಕೇಳಿದರೆ ಬೇಗ ಸಿಗುತ್ತದೆ.

ಸೋದರಿಯರೇ, ಕತ್ತರಿಸಿ ಇಟ್ಟುಕೊಳ್ಳಲು ಕೆಲವು ಸೂಚನೆಗಳು:

1. ವಾರಂಟಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ದೂರು ಅದಕ್ಕೆ ಮುಂಚೆಯೇ ಬರಹದಲ್ಲಿ ದಾಖಲಾಗಬೇಕು.

2. ಎಣ್ಣೆ ಗಿಂಡಿಯಂಥ ಕೆಂಪು ದೀಪ ಹತ್ತಿದರೆ ಕೂಡಲೇ ಕಾರು ನಿಲ್ಲಿಸಿ, ಎಂಜಿನ್ ಆರಿಸಿ. ಎಣ್ಣೆಯ ಒತ್ತಡ ಕುಸಿದಾಗ ಹತ್ತುವ ದೀಪ ಅದು. ಅದು ಹತ್ತುವ ತನಕ ಕಾಯದೆ ಕಡ್ಡಿ ನೋಡುತ್ತಿರಿ.

3. ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿ. ಬಿಲ್ಲು, ಡಬ್ಬ ಎರಡೂ ಇರಲಿ. ಸರ್ವೀಸು ತಪ್ಪಿಸಬೇಡಿ.

4. ಜಾಬ್ ಕಾರ್ಡಿನಲ್ಲಿ ನಿಮ್ಮ ದೂರು ಇದೆಯೇ ಅಂತ ಓದಿ ಆಮೇಲೆ ಸಹಿ ಹಾಕಿ. ಪ್ರತಿ ಕೇಳಿ.

5. "ಇದು ಸಹಜ" ಅಂದರೆ "ಎಲ್ಲಿ ಬರೆದಿದೆ, ತೋರಿಸಿ" ಅನ್ನಿ.

6. ಷೋರೂಮು ದೂರದ ಊರಿನಲ್ಲಿದ್ದರೆ, ಹೋಗುವ ಮುಂಚೆ ಫೋನು ಮಾಡಿ ಪರೀಕ್ಷೆಗೆ ದಿನ ಗೊತ್ತು ಮಾಡಿಕೊಳ್ಳಿ.

7. ರಿಪೇರಿಯಾದ ಮೇಲೆ ಯಾವ ಭಾಗ ಬದಲಾಯಿಸಿದರು ಅಂತ ಬರೆಸಿಕೊಳ್ಳಿ.

8. ಯಾವುದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯಿದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಷೋರೂಮಿನ ಊರಿಗೆ ಅಲೆಯಬೇಕಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ವಕೀಲರು ಕಡ್ಡಾಯವಲ್ಲ.

ಕೊನೆಯದಾಗಿ ನನ್ನ ಯಜಮಾನರ ಮಾತು. "ಮೊದಲೇ ನಿನಗೆ ಹೇಳಿದ್ದರೆ ನಾಲ್ಕು ತಿಂಗಳು ಉಳೀತಿತ್ತು" ಅಂದರು. ಉಳಿಯುತ್ತಿತ್ತು, ನಿಜ. ಆದರೆ ಹೇಳಿದ್ದರೆ ನಾನು ಅಂದೇ ಡಿಪಾಜಿಟ್ಟಿನ ಮಾತು ಎತ್ತಿ ಜಗಳ ತೆಗೆಯುತ್ತಿದ್ದೆನೋ ಏನೋ! ತಪ್ಪು ಒಬ್ಬರದೇ ಅನ್ನಲಾರೆ. ನಿಮ್ಮ ಮನೆಯಲ್ಲೂ ಅಕ್ಕಿ ಡ್ರಮ್ಮಿನ ಹಿಂದೆ ಇಂಥ ಡಬ್ಬ ಸಿಕ್ಕರೆ, ಗದರುವ ಮುಂಚೆ "ಬಿಲ್ಲು ಇದೆಯಾ?" ಅಂತ ಕೇಳಿ.

ಮುಂದಿನ ಸಂಚಿಕೆಯಲ್ಲಿ ಕುಕ್ಕರಿನ ರಬ್ಬರು ಮತ್ತು ವಾಲ್ವು ಯಾವಾಗ ಬದಲಾಯಿಸಬೇಕು ಅಂತ ನೋಡೋಣ. ಬರಲೇ?