ನೋತ್ರ್ ದಾಮ್ ಕಿಟಕಿಗಳು ಯಾರ ಕೃತಿ?

ಪ್ಯಾರಿಸಿನ ನೋತ್ರ್ ದಾಮ್ ಕೆಥೆಡ್ರಲ್ 2019ರ ಬೆಂಕಿಯಲ್ಲಿ ಛಾವಣಿ, ಶಿಖರಗಳನ್ನು ಕಳೆದುಕೊಂಡು 2024ರ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು. ಅದೇ ತಿಂಗಳು, ದಕ್ಷಿಣ ಬದಿಯ ಆರು ಚಾಪೆಲ್‌ಗಳಿಗೆ ಬಣ್ಣದ ಗಾಜಿನ ಹೊಸ ಕಿಟಕಿಗಳನ್ನು ಮಾಡುವ ಕೆಲಸ ಚಿತ್ರಕಲಾವಿದೆ ಕ್ಲೇರ್ ತಾಬುರೆ ಹಾಗೂ ರೀಮ್ಸ್ ನಗರದ ಸಿಮೊನ್-ಮಾರ್ಕ್ ಕಾರ್ಯಾಗಾರಕ್ಕೆ ದೊರೆಯಿತು. ವಿಷಯ ಪೆಂತೆಕೊಸ್ತ್.

ಸುದ್ದಿಯಲ್ಲಿ ದೊಡ್ಡದಾಗಿ ಕಂಡದ್ದು ಕಲಾವಿದೆಯ ಹೆಸರು. ಆದರೆ ಕಾಗದದ ಮೇಲಿನ ಚಿತ್ರ ಕಿಟಕಿಯಲ್ಲ. ಯಾವ ಗಾಜು, ಸೀಸದ ಪಟ್ಟಿ ಎಲ್ಲಿ ಹಾಯಬೇಕು ಎಂಬುದನ್ನು ಗಾಜಿನವರೊಡನೆ ಕೂತೇ ತೀರ್ಮಾನಿಸಬೇಕು. ಜೆರುಸಲೇಮಿನ ಕಿಟಕಿಗಳಿಗಾಗಿ ಮಾರ್ಕ್ ಶಗಾಲ್ ಜತೆ ದುಡಿದ ಶಾರ್ಲ್ ಮಾರ್ಕ್ ಇದೇ ಕಾರ್ಯಾಗಾರದವರು. ಬಣ್ಣ ಬದಲಾದಲ್ಲೆಲ್ಲ ಸೀಸದ ಗೆರೆ ಬೇಡವೆಂದು, ಒಂದೇ ಗಾಜಿನಲ್ಲಿ ಮೂರು ಬಣ್ಣಗಳವರೆಗೆ ತರುವ ವಿಧಾನವನ್ನು ಅವರು ರೂಪಿಸಿದರು. ಆ ಕಿಟಕಿಗಳನ್ನು ಜನ ಇಂದಿಗೂ ಕರೆಯುವುದು ಶಗಾಲ್ ಕಿಟಕಿಗಳೆಂದೇ!

ತಾಬುರೆಯವರ ಆಯ್ಕೆಗೆ ನಮ್ಮ ತಕರಾರಿಲ್ಲ. ತಕರಾರು ಬೇರೆ. ಈಗ ಜಾಗ ಬಿಡಬೇಕಾದವು 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಮಾಡಿಸಿದ ಕಿಟಕಿಗಳು, ಬೆಂಕಿಯಲ್ಲೂ ಉಳಿದವು. ಫ್ರಾನ್ಸಿನ ಪರಂಪರಾ ಆಯೋಗ 2024ರ ಜುಲೈನಲ್ಲೇ ಇದನ್ನು ವಿರೋಧಿಸಿತ್ತು. ಆರ್ಚ್‌ಬಿಷಪ್ ಮತ್ತು ಅಧ್ಯಕ್ಷ ಮ್ಯಾಕ್ರೋನ್ ನಮ್ಮ ಕಾಲದ ಗುರುತೂ ಇರಲಿ ಎಂದರು. ಆ ಮಾತನ್ನು ತಳ್ಳಿಹಾಕುವಂತಿಲ್ಲ, ದೇವಾಲಯ ವಸ್ತುಸಂಗ್ರಹಾಲಯವಲ್ಲ.

ಹಳೆಯವನ್ನು ವಸ್ತುಸಂಗ್ರಹಾಲಯದಲ್ಲಿಡುವ ಮಾತೂ ಬಂತು. ಗಾಜೇನೋ ಅಲ್ಲಿ ಸುರಕ್ಷಿತ. ಆದರೆ ವಾಸ್ತುಶಿಲ್ಪಿ, ಗಾಜಿನವರು, ಕಲ್ಲುಕುಟಿಗರು ಸೇರಿ ಮಾಡಿದ್ದು ಆ ಗೋಡೆಗಾಗಿ, ಅಲ್ಲಿ ಬೀಳುವ ಬೆಳಕಿಗಾಗಿ.