ಗೆದ್ದವರೇ ತೀರ್ಪು ಕೊಟ್ಟಾಗ

ಚುನಾವಣೆಯಲ್ಲಿ ಗೆದ್ದವರು ಎದುರಾಳಿಗಳನ್ನು ಕಟಕಟೆಗೆ ತಂದು, ನ್ಯಾಯಪೀಠದಲ್ಲೂ ತಾವೇ ಕೂತರೆ ಅದನ್ನು ನ್ಯಾಯ ಎನ್ನಬಹುದೇ? ಖಂಡಿತ ಇಲ್ಲ ಎನ್ನುತ್ತೇವೆ. ನಾರ್ವೆಯ 1882ರ ಸಂಸತ್ ಚುನಾವಣೆಯ ಮುಂದೆ ಆ ಉತ್ತರ ಸಾಲದು.

ನಾರ್ವೆಗೂ ಸ್ವೀಡನ್ನಿಗೂ ಆಗ ಒಬ್ಬನೇ ಅರಸ, ಎರಡನೇ ಆಸ್ಕರ್. ಮಂತ್ರಿಗಳನ್ನು ನೇಮಿಸುತ್ತಿದ್ದವನು ಅವನೇ. ಸ್ಟೋರ್ಟಿಂಗ್ ಎಂಬ ಸಂಸತ್ತಿನ ಚರ್ಚೆಯಲ್ಲಿ ಅವರಿಗೆ ಜಾಗವಿರಲಿಲ್ಲ. ಮಂತ್ರಿಗಳು ಸದನಕ್ಕೆ ಬಂದು ಉತ್ತರ ಕೊಡಲಿ ಎಂದು ಸಂಸತ್ತು ಸಂವಿಧಾನಕ್ಕೆ ಮತ್ತೆ ಮತ್ತೆ ತಿದ್ದುಪಡಿ ತಂದಿತು, ಅರಸ ಮತ್ತೆ ಮತ್ತೆ ಅಂಕಿತ ನಿರಾಕರಿಸಿದ. ದಿನವೂ ಸದನಕ್ಕೆ ಉತ್ತರ ಹೇಳುವ ಮಂತ್ರಿ ಕೊನೆಗೆ ಸದನದವನೇ ಆಗಿಬಿಡುತ್ತಾನಲ್ಲ! ಸಾಮಾನ್ಯ ಮಸೂದೆಗೆ ಅರಸನ ತಡೆ ತಾತ್ಕಾಲಿಕ ಎಂದು 1814ರ ಸಂವಿಧಾನ ಹೇಳಿತ್ತು, ತಿದ್ದುಪಡಿಯ ವಿಷಯದಲ್ಲಿ ಮೌನವಾಗಿತ್ತು. 1880ರ ಜೂನ್ 9ರಂದು ಯೋಹಾನ್ ಸ್ವೆರ್‌ಡ್ರುಪ್ ಮುಂದಾಳತ್ವದ ಸಂಸತ್ತು, ಅಂಕಿತವಿಲ್ಲದೆಯೂ ಇದು ಊರ್ಜಿತ ಎಂದು ಸಾರಿತು. ವಿಶ್ವವಿದ್ಯಾಲಯದ ಕಾನೂನು ಪಂಡಿತರು ಅರಸನ ಪರ ನಿಂತರು.

ಶಾಸ್ತ್ರಾರ್ಥದಲ್ಲಿ ಬಗೆಹರಿಯದ್ದು ಮತದಾರರ ಮುಂದೆ ಬಂತು. ಆದರೆ ಮತದಾರರು ಯಾರು? ಸರ್ಕಾರಿ ಅಧಿಕಾರಿಗಳು, ಜಮೀನಿದ್ದ ರೈತರು, ಪಟ್ಟಣದ ಆಸ್ತಿವಂತರು. ಹೆಂಗಸರಿಗೆ ಮತವಿರಲಿಲ್ಲ, ಕೂಲಿಯವರಿಗೂ ಇರಲಿಲ್ಲ. ಹೀಗಾಗಿ ಉಳುಮೆಗೆ ಬಾರದ ಜವುಗು ನೆಲದ ತುಂಡೊಂದನ್ನು ಹೆಸರಿಗೆ ಮಾಡಿಸಿಕೊಂಡು ಮತದ ಹಕ್ಕು ಪಡೆದವರೂ ಇದ್ದರು. ‘ಜವುಗಿನವರು’ ಎಂದು ಅವರನ್ನು ಜರೆಯುತ್ತಿದ್ದರು. ನನಗೆ ಅವರ ಮೇಲೆ ಗೌರವವಿದೆ: ಬೆಳೆ ಬಾರದ ನೆಲವನ್ನು ಅವರು ಮತಕ್ಕಾಗಿಯೇ ಹಿಡಿದರು. ಮತದಾರರು ಆರಿಸಿದ ಚುನಾಯಕರು ಮುಂದೆ ಪ್ರತಿನಿಧಿಗಳನ್ನು ಆರಿಸಬೇಕಿತ್ತು. ಇಷ್ಟು ಜರಡಿ ದಾಟಿಯೂ 114 ಸ್ಥಾನಗಳಲ್ಲಿ 83 ಸ್ವೆರ್‌ಡ್ರುಪ್ ಬಣಕ್ಕೆ ಬಂದವು.

ಮುಂದಿನದು ನುಂಗಲು ಕಷ್ಟ. ಮಂತ್ರಿಗಳ ವಿಚಾರಣೆ ನಡೆಸುವ ವಿಶೇಷ ನ್ಯಾಯಾಲಯದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಜೊತೆ ಸಂಸತ್ತಿನ ಒಂದು ಭಾಗವಾದ ಲಾಗ್‌ಟಿಂಗ್‌ನ ಸದಸ್ಯರೂ ಕೂರುತ್ತಿದ್ದರು. ಗೆದ್ದ ಬಣ ಲಾಗ್‌ಟಿಂಗ್‌ಗೆ ತನ್ನವರನ್ನೇ ತುಂಬಿತು. ಅಂಕಿತ ನಿರಾಕರಣೆಯಲ್ಲಿ ಪಾಲುಗೊಂಡ ಆರೋಪದ ಮೇಲೆ 1884ರ ಫೆಬ್ರವರಿಯಲ್ಲಿ ಪ್ರಧಾನಿ ಕ್ರಿಸ್ಟಿಯನ್ ಸೆಲ್ಮೆರ್ ಪದಚ್ಯುತಿಯ ತೀರ್ಪು ಬಂತು.

ಈ ಪೀಠ ನಿಷ್ಪಕ್ಷಪಾತವಾಗಿತ್ತು ಎಂದು ವಾದಿಸುವುದು ಅಪ್ರಾಮಾಣಿಕತೆ. ಅದು ರಾಜಕೀಯ ತೀರ್ಪೇ. ಆದರೂ ಅದನ್ನು ಬರೀ ಸೇಡು ಎನ್ನಲು ನಾನು ಒಪ್ಪುವುದಿಲ್ಲ. ಮಂತ್ರಿಗಳು ಯಾರಿಗೆ ಉತ್ತರದಾಯಿ ಎಂಬ ಪ್ರಶ್ನೆಯನ್ನು ಮೊದಲೇ ಜನರ ಮುಂದಿಟ್ಟು, ಉತ್ತರ ಪಡೆದೇ ಪೀಠ ಕೂತಿತ್ತು. ಕೊಟ್ಟ ಶಿಕ್ಷೆಯೂ ಹುದ್ದೆಯನ್ನು ಕಿತ್ತುಕೊಂಡಿತು, ತಲೆಯನ್ನಲ್ಲ. ಚುನಾವಣೆಯಲ್ಲಿ ಎತ್ತದ ವಿಷಯ ಹಿಡಿದು, ಗೆದ್ದ ಮೇಲೆ ಎದುರಾಳಿಗಳನ್ನು ಜೈಲಿಗೆ ಅಟ್ಟುವವರು ಈ ನಿದರ್ಶನದ ನೆರಳಿಗೆ ಬರಲಾರರು.

ಆಸ್ಕರ್ ತೀರ್ಪಿನ ನ್ಯಾಯಬದ್ಧತೆಯನ್ನು ಒಪ್ಪದಿದ್ದರೂ ಸೆಲ್ಮೆರ್‌ನನ್ನು ಕಳುಹಿಸಿಕೊಟ್ಟ, ಜೂನ್ 26ರಂದು ಸ್ವೆರ್‌ಡ್ರುಪ್‌ನನ್ನೇ ಪ್ರಧಾನಿ ಮಾಡಿದ. ಅಲ್ಲಿಯೂ ಒಂದು ಕೊರತೆ ಉಳಿಯಿತು. ಆ ಉತ್ತರ ಕೊಟ್ಟ ‘ಜನ’ದಲ್ಲಿ ಎಲ್ಲ ಗಂಡಸರೂ ಸೇರಲು 1898 ಬರಬೇಕಾಯಿತು, ಎಲ್ಲ ಹೆಂಗಸರೂ ಸೇರಲು 1913.