ನೀಲಿ ಟಾರ್ಪಾಲು ಅಳಿಸಲ್ಲ

ಭಾಗ 1/7 · ಡೈರಿ ಮುಂದೆ, ಮಾರ್ಗಶಿರದ ಬೆಳಗ್ಗೆ

ಈ ಸಲ ಏಳು ಪೇಂಟಿಂಗ್, ಏಳು ಪೋಸ್ಟ್. ಎಲ್ಲವೂ ಆಯಿಲ್, ಎಲ್ಲವೂ ನಮ್ಮ ತುಮಕೂರು ಸೀಮೆಯ ಹಳ್ಳಿಗಳು. ಎಂದಿನ ಹಾಗೆ ಚಿತ್ರದ ಹಿಂದಿನ ಕತೆ ಹೇಳ್ತೀನಿ. ಜೊತೆಗೆ ಸ್ವಲ್ಪ ಜಗಳಾನೂ ಇದೆ, ಬೇಜಾರ್ ಮಾಡ್ಕೋಬೇಡಿ.

'ಹಳ್ಳಿ ಚಿತ್ರ' ಅಂದ ತಕ್ಷಣ ನಿಮ್ಮ ಕಣ್ಮುಂದೆ ಏನು ಬರುತ್ತೆ? ಎರಡು ಬೆಟ್ಟ, ನಡುವೆ ಸೂರ್ಯ, ಹುಲ್ಲಿನ ಗುಡಿಸಲು, ಬಗ್ಗಿದ ತೆಂಗಿನಮರ, ಎತ್ತಿನಗಾಡಿ, ಸೊಂಟದ ಮೇಲೆ ಬಿಂದಿಗೆ ಇಟ್ಕೊಂಡ ಹೆಂಗಸು. ಸ್ಕೂಲ್ ಡ್ರಾಯಿಂಗ್ ಪೀರಿಯಡ್‌ನಲ್ಲಿ ನಾವೆಲ್ಲ ಬರೆದಿದ್ದು ಇದನ್ನೇ. ಕ್ಯಾಲೆಂಡರ್‌ನಲ್ಲಿ, ಹೋಟೆಲ್ ಗೋಡೆ ಮೇಲೆ, ರೆಸಾರ್ಟ್ ಬಾಗಿಲಲ್ಲಿ ಇರೋದೂ ಇದೇ.

ಈಗ ನಮ್ಮ ಕ್ಲಾಸ್‌ನವರನ್ನೇ ಕೇಳ್ತೀನಿ. ಅರ್ಧಕ್ಕರ್ಧ ಜನ ಹಳ್ಳಿಯಿಂದ ಬಂದವರು. ನಿಮ್ಮೂರು ಹೀಗಿದೆಯಾ? ಶೀಟಿನ ಮನೆ, ಮನೆ ಮೇಲೆ ಡಿಶ್, ಬೋರ್‌ವೆಲ್ ಪೈಪು, ಡೈರಿ ಮುಂದೆ ಚಳೀಲಿ ಕ್ಯಾನ್ ಹಿಡಿದು ನಿಂತ ಸಾಲು. ನಮ್ಮೂರು ಅಂದ್ರೆ ಇದು. ಮೊದಲ ಸ್ಲೈಡ್‌ನಲ್ಲಿ ಇರೋದೂ ಇದೇ. ಮಂಜಿನಲ್ಲಿ ಆ ಸ್ಟೀಲ್ ಕ್ಯಾನುಗಳ ಮೇಲೆ ಬೀಳೋ ತಿಳಿ ಗುಲಾಬಿ ಬೆಳಕು ಹಿಡಿಯೋಕೆ ನನಗೆ ನಾಲ್ಕು ಬೆಳಗ್ಗೆ ಬೇಕಾಯ್ತು.

ನನ್ನ ವಾದ ಇಷ್ಟೇ: ಆ ಗುಡಿಸಲು-ಬಿಂದಿಗೆ ಚಿತ್ರ ಕಾಣೋಷ್ಟು ಮುಗ್ಧ ಅಲ್ಲ. ಇಲ್ಲದ ಹಳ್ಳೀನ ಪ್ರೀತಿಸೋದು ಹೇಗೆ ಅಂತ ಕಲಿಸ್ತಾ ಕಲಿಸ್ತಾ, ಇರೋ ಹಳ್ಳಿ ಬಗ್ಗೆ ನಾಚ್ಕೊಳ್ಳೋದನ್ನೂ ಕಲಿಸಿಬಿಡುತ್ತೆ. ಹೇಗೆ ಅಂತ ಒಂದೊಂದೇ ಚಿತ್ರ ಇಟ್ಟು ಹೇಳ್ತೀನಿ.

ಭಾಗ 2/7 · ರಸ್ತೆ ಮೇಲಿನ ಕಣ

ಇದನ್ನ ಹಾಕಿದ ದಿನವೇ ಬಂದ ಕಾಮೆಂಟು: 'ಟಾರ್ ರಸ್ತೆ ಬದಲು ಹಳೇ ಕಾಲದ ಕಣ ಹಾಕಿದ್ರೆ ಇನ್ನೂ ಚೆಂದ ಇರ್ತಿತ್ತು.'

ಹಳೇ ಕಣ ಹೇಗಿತ್ತು ಗೊತ್ತಾ? ನೆಲ ಹದ ಮಾಡಿ, ನೀರು ಹಾಕಿ ಗಟ್ಟಿ ಮಾಡಿ, ಸಗಣಿ ಸಾರಿಸ್ಬೇಕು. ನಡುವೆ ಮೇಟಿ ಕಂಬ ನೆಡ್ಬೇಕು. ಮೆದೆಯಿಂದ ರಾಗಿ ಕಿತ್ತು ಹರಡಿ, ಎತ್ತಿಗೆ ರೋಣಗಲ್ಲು ಕಟ್ಟಿ ಸುತ್ತಿಸ್ಬೇಕು. ಆಮೇಲೆ ಗಾಳಿ ನೋಡ್ಕೊಂಡು ತೂರ್ಬೇಕು. ಇಷ್ಟಕ್ಕೂ ಎತ್ತು ಬೇಕು, ಜಾಗ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಮನೆ ತುಂಬ ಆಳು ಬೇಕು.

ಉಳುಮೆಗೆ ಟ್ರ್ಯಾಕ್ಟರ್ ಬಂದ್ಮೇಲೆ ವರ್ಷಪೂರ್ತಿ ಮೇವು ಹಾಕಿ ಎತ್ತು ಸಾಕೋದು ಸಣ್ಣ ರೈತನಿಗೆ ಗಿಟ್ಟಲ್ಲ. ಹುಡುಗ್ರು ಫ್ಯಾಕ್ಟರಿಗೆ, ಹುಡುಗೀರು ಗಾರ್ಮೆಂಟ್ಸ್‌ಗೆ ಹೋದ್ರು. ಊರಲ್ಲಿ ಉಳಿದಿರೋದು ವಯಸ್ಸಾದ ಇಬ್ರು. ಅವರು ರಾಗೀನ ತಂದು ರಸ್ತೆ ಮೇಲೆ ಹರಡ್ತಾರೆ. ಬಸ್ಸು, ಲಾರಿ, ನಿಮ್ಮ ಬೈಕು ಅದರ ಮೇಲೆ ಓಡಿ ತೆನೆ ಬಿಡಿಸುತ್ತೆ. ಎರಡು ಗಾಡಿ ನಡುವಿನ ಸಂದಿಯಲ್ಲಿ ಅಜ್ಜಿ ಪೊರಕೆ ಹಿಡ್ಕೊಂಡು ಓಡಿ ಬರ್ತಾಳೆ.

ಹೌದು, ಅದು ಅಪಾಯ. ಬೈಕ್ ಜಾರುತ್ತೆ, ಅಜ್ಜಿಗೂ ಅಪಾಯ. ಆ ಅಪಾಯ ಚಿತ್ರದಲ್ಲಿ ಇರ್ಬೇಕು ಅಂತಾನೇ ಬಲಗಡೆ ಲಾರಿಯ ಬಂಪರ್ ಅಷ್ಟು ದೊಡ್ಡದಾಗಿ ಬರೆದಿದ್ದೀನಿ. ಕಪ್ಪು ಟಾರಿನ ಮೇಲೆ ರಾಗಿ ಹುಲ್ಲಿನ ಬಣ್ಣ ಹೇಗೆ ಹೊಳೆಯುತ್ತೆ ನೋಡಿ. ಹಳದಿ ಓಕರ್, ಒಂದು ಚೂರು ರಾ ಅಂಬರ್, ಟೈರ್ ಹೋದ ಜಾಗದಲ್ಲಿ ಬಹುತೇಕ ಬಿಳಿ.

ಈಗ ಹೇಳಿ. ರಸ್ತೆ ಅಳಿಸಿ ಹಳೇ ಕಣ ಬರೆದ್ರೆ ಚಿತ್ರ 'ಚೆಂದ' ಆಗ್ಬೋದು. ಆದ್ರೆ ಎತ್ತು ಎಲ್ಲಿ ಹೋಯ್ತು, ಹುಡುಗ್ರು ಎಲ್ಲಿ ಹೋದ್ರು, ಈ ಅಜ್ಜಿ ಯಾಕೆ ಒಬ್ಬಳೇ ಅನ್ನೋ ಪ್ರಶ್ನೆಗಳೂ ಅದರ ಜೊತೆಗೇ ಅಳಿಸಿಹೋಗುತ್ತೆ.

ಭಾಗ 3/7 · ಮೆದೆ ಮತ್ತು ಟಾರ್ಪಾಲು

ಅತಿ ಹೆಚ್ಚು ಬೈಸ್ಕೊಂಡ ಚಿತ್ರ ಇದು. 'ಎಲ್ಲಾ ಸೂಪರ್, ಆ ಬ್ಲೂ ಟಾರ್ಪಾಲ್ ಒಂದು ಕಣ್ಣಿಗೆ ಹೊಡೆಯುತ್ತೆ, ತೆಗೆದ್ಬಿಡು.'

ಯಾಕೆ ಹೊದಿಸಿದ್ದಾರೆ? ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ಅಕಾಲದ ಮಳೆ ಬಂದ್ರೆ ತೆನೆಯಲ್ಲೇ ಮೊಳಕೆ ಬರುತ್ತೆ, ಹುಲ್ಲು ಕೊಳೆಯುತ್ತೆ. ಅಂದ್ರೆ ಮನುಷ್ಯರ ಊಟ, ದನದ ಮೇವು ಎರಡೂ ಒಂದೇ ರಾತ್ರೀಲಿ ಹೋಗುತ್ತೆ. ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್ ಅಂತ ಸುದ್ದಿ ಬಂದಾಗ ನಾವು ಕಾಲೇಜಿಗೆ ರಜಾ ಸಿಗುತ್ತಾ ಅಂತ ನೋಡ್ತೀವಿ. ಅಲ್ಲಿ ಟಾರ್ಪಾಲ್ ಹುಡುಕ್ತಾರೆ. ಆ ನೀಲಿ ಬಣ್ಣದ ಕೆಳಗೆ ಒಂದು ಮನೆಯ ವರ್ಷ ಇದೆ.

'ಆ ನೀಲಿ ಆರ್ಟಿಸ್ಟಿಕ್ ಅಲ್ಲ' ಅನ್ನೋರಿಗೆ ಒಂದು ಮಾತು. ಅದನ್ನ ಬರೆಯೋಕೆ ನಾನು ಬಳಸಿದ್ದು ಥ್ಯಾಲೋ ಬ್ಲೂ. 1935ರಲ್ಲಿ ಮಾರುಕಟ್ಟೆಗೆ ಬಂದ ಬಣ್ಣ. ಕಲಾವಿದರ ಟ್ಯೂಬಿನಲ್ಲೂ ಅದೇ, ಪ್ಲಾಸ್ಟಿಕ್ಕಿಗೆ ನೀಲಿ ಕೊಡೋಕೆ ಬಹಳವಾಗಿ ಬಳಸೋದೂ ಅದನ್ನೇ. ಒಂದೇ ಬಣ್ಣ ಆಕಾಶಕ್ಕೆ ಹಚ್ಚಿದ್ರೆ ಕಲೆ, ಟಾರ್ಪಾಲಿಗೆ ಹಚ್ಚಿದ್ರೆ ಕಸ ಆಗೋದು ಹೇಗೆ?

ಇನ್ನೊಬ್ರು ಕೇಳಿದ್ರು, ಹಳ್ಳಿ ಬರೆಯೋಕೆ ಆಯಿಲ್ ಪೇಂಟ್ ಯಾಕೆ, ಅದು ಫಾರಿನ್‌ದು ಅಲ್ವಾ ಅಂತ. ಪದ್ಧತಿ ಯುರೋಪಿನದು, ನಿಜ. ಆದ್ರೆ ಬಣ್ಣ ಕಲಸೋ ಲಿನ್ಸೀಡ್ ಆಯಿಲ್ ಅಂದ್ರೆ ಅಗಸೆ ಎಣ್ಣೆ. ಉತ್ತರ ಕರ್ನಾಟಕದ ಕಪ್ಪು ನೆಲದಲ್ಲಿ ಹಿಂಗಾರಿಗೆ ಬೆಳೆಯೋ ಅದೇ ಅಗಸೆ, ರೊಟ್ಟಿ ಜೊತೆ ಚಟ್ನಿಪುಡಿಯಾಗಿ ತಿನ್ನೋ ಅದೇ ಅಗಸೆ. ದುಬಾರಿ ಲಿನನ್ ಕ್ಯಾನ್ವಾಸ್ ಆಗೋದೂ ಅದೇ ಜಾತಿ ಗಿಡದ ನಾರಿನಿಂದ. ನನ್ನದು ಹತ್ತಿ ಕ್ಯಾನ್ವಾಸ್, ಪಾಕೆಟ್ ಮನಿ ಅಷ್ಟೇ ಇರೋದು 😅

ಭಾಗ 4/7 · ಸೀರೆ ಮೇಲೊಂದು ಅಂಗಿ

ಶ್ರಾವಣ. ರಾಗಿ ಹೊಲದಲ್ಲಿ ಕಳೆ ಕೀಳ್ತಿರೋ ಐದು ಜನ ಹೆಂಗಸರು. ಎಲ್ಲರೂ ಸೀರೆ ಮೇಲೆ ಗಂಡಸರ ಹಳೇ ಫುಲ್ ಶರ್ಟ್ ಹಾಕಿದ್ದಾರೆ, ತಲೆಗೆ ಟವೆಲ್ ಸುತ್ತಿದ್ದಾರೆ. ಬಿಸಿಲಿಗೆ ಕೈ ಸುಡದಿರಲಿ, ಗರಿ ತಾಗಿ ಕೆರೆತ ಬರದಿರಲಿ ಅಂತ. ನೀವು ಬಸ್ಸಿನ ಕಿಟಕಿಯಿಂದ ನೂರು ಸಲ ನೋಡಿದ್ದೀರಿ. ಪೇಂಟಿಂಗ್‌ನಲ್ಲಿ ಎಷ್ಟು ಸಲ ನೋಡಿದ್ದೀರಿ?

ನಮ್ಮ ಹಳ್ಳಿ ಚಿತ್ರಗಳ ಹೆಂಗಸಿಗೆ ಯಾವಾಗ್ಲೂ ಇಪ್ಪತ್ತು ವರ್ಷ. ನೀರು ತರ್ತಾಳೆ, ಹೂ ಮುಡೀತಾಳೆ, ದೀಪ ಹಚ್ತಾಳೆ. ಬೆನ್ನು ಬಗ್ಗಿಸಿ ಕೂಲಿ ಮಾಡಲ್ಲ. ಮಾಡಿದ್ರೂ ಗಂಡಾಳಿಗಿಂತ ಹೆಣ್ಣಾಳಿಗೆ ಕೂಲಿ ಕಮ್ಮಿ ಅನ್ನೋದು ಆ ಚಿತ್ರದಿಂದ ಗೊತ್ತಾಗಲ್ಲ.

ಫ್ರಾನ್ಸಿನ ಮಿಲೆ 1857ರಲ್ಲಿ ಒಂದು ಚಿತ್ರ ತೋರಿಸಿದ. ಕೊಯ್ಲಾದ ಹೊಲದಲ್ಲಿ ಮೂವರು ಬಡ ಹೆಂಗಸರು ಬಗ್ಗಿ ಹಕ್ಕಲು ಆಯ್ತಿದ್ದಾರೆ. ದೂರದಲ್ಲಿ ದೊಡ್ಡ ದೊಡ್ಡ ಬಣವೆ, ಕುದುರೆ ಮೇಲೆ ಮೇಸ್ತ್ರಿ. ಪ್ಯಾರಿಸ್‌ನ ಉಳ್ಳವರಿಗೆ ಅದು ಹಿಡಿಸಲಿಲ್ಲ. ಬಡತನಾನ ಅಷ್ಟು ದೊಡ್ಡದಾಗಿ, ಅಷ್ಟು ಘನತೆಯಿಂದ ಬರೆದಿದ್ದು ಅವರಿಗೆ ಇರುಸುಮುರುಸು ಮಾಡ್ತು. 'ಹಕ್ಕಲು' ಅನ್ನೋ ಪದ ನಮ್ಮಲ್ಲೇ ಇದೆ. ಆ ಚಿತ್ರ ನೋಡೋಕೆ ನಮಗೆ ಭಾಷಾಂತರ ಬೇಕಿಲ್ಲ.

ಇಲ್ಲಿ ಒಂದು ವಿಷಯ, ಹೆಸರು ಹೇಳಲ್ಲ. ನಮ್ಮ ಬ್ಯಾಚ್‌ನ ಒಬ್ಬಳು ಮೆಸೇಜ್ ಮಾಡಿದ್ಲು. 'ನಮ್ಮಮ್ಮನ ಫೋಟೊ ಕಳಿಸ್ತೀನಿ, ಪೇಂಟ್ ಮಾಡ್ಕೊಡು. ಆದ್ರೆ ಆ ಅಂಗಿ ತೆಗೆದು ಬರೀ ಸೀರೆ ಬರಿ, ಹಾಸ್ಟೆಲ್ ರೂಮಲ್ಲಿ ಹಾಕ್ಬೇಕು.' ಅವಳ ತಪ್ಪಲ್ಲ. ಅವಳ ಅಮ್ಮ ಹೇಗಿದ್ದಾರೋ ಹಾಗೆ ಒಂದು ಚಿತ್ರದಲ್ಲೂ ಅವಳು ಕಂಡೇ ಇಲ್ಲ. ಚಿತ್ರಕ್ಕೆ ಬರೋ ಯೋಗ್ಯತೆ ಅಮ್ಮನಿಗಿದೆ, ಅಮ್ಮನ ಕೆಲಸಕ್ಕಿಲ್ಲ ಅಂತ ಅವಳಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಹೇಳಿಕೊಟ್ಟಿದ್ದು ನಮ್ಮ ಗುಡಿಸಲು-ಬಿಂದಿಗೆ ಚಿತ್ರಗಳು.

ಅಂಗಿ ಸಮೇತ ಬರೆದೆ. ಫೋಟೊದಲ್ಲಿ ಸವೆದುಹೋಗಿದ್ದ ಚೌಕಳಿಯನ್ನ ಒಂದೊಂದೇ ಗೆರೆ ಎಳೆದು ಬರೆದೆ. ಅದು ಈಗ ಅವಳ ರೂಮಲ್ಲಿದೆ.

ಭಾಗ 5/7 · ಹಸಿರು ಯಾಕಿಲ್ಲ?

ಋತು ಅಂದ್ರೆ ನಮಗೆ ಆರು ಅಂತ ಬಾಯಿಪಾಠ. ಊರಲ್ಲಿ ಅಜ್ಜ ಅಜ್ಜಿ ಲೆಕ್ಕ ಹಾಕೋದು ಮಳೆ ನಕ್ಷತ್ರದ ಮೇಲೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ... ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಯಾವ ಮಳೆಗೆ ಉಳಬೇಕು, ಯಾವುದಕ್ಕೆ ಬಿತ್ತಬೇಕು ಅಂತ ಪ್ರತಿಯೊಂದಕ್ಕೂ ಒಂದು ಕೆಲಸ ಗಂಟು ಹಾಕಿದ್ದಾರೆ.

ಈ ಚಿತ್ರ 2023ರದ್ದು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನ ಸರ್ಕಾರ ಬರಪೀಡಿತ ಅಂತ ಘೋಷಿಸಿತು. ತೆನೆ ಕಚ್ಚದೇ ಒಣಗಿದ ರಾಗಿ ಪೈರನ್ನ ದನಕ್ಕೆ ಕೊಯ್ತಿರೋ ಒಬ್ಬ ರೈತ ಇಲ್ಲಿದ್ದಾನೆ. ಇಡೀ ಚಿತ್ರದಲ್ಲಿ ಹಸಿರು ಟ್ಯೂಬ್ ಮುಟ್ಟಿಲ್ಲ. ಬರ್ಂಟ್ ಸಿಯೆನಾ, ರಾ ಅಂಬರ್, ಬಿಳಿ, ಇಷ್ಟೇ.

ಒಬ್ರು ಬರೆದ್ರು: 'ಮಳೆಗಾಲದ ಚಿತ್ರ ಅಂತೀಯ, ಸ್ವಲ್ಪ ಹಸಿರು ಹಾಕು ಮಾರಾಯ.' ಹಸಿರು ಹಾಕೋದು ಏನು ಕಷ್ಟ, ಟ್ಯೂಬ್ ಒತ್ತಿದ್ರೆ ಬರುತ್ತೆ. ಆದ್ರೆ ಆ ವರ್ಷದ ಭಾದ್ರಪದ ಹಸಿರಾಗಿರಲಿಲ್ಲ. ಮಳೆ ಬಂದ ವರ್ಷ, ಬರದ ವರ್ಷ ಎರಡರಲ್ಲೂ ನಾವು ಒಂದೇ ಹಸಿರು ಹೊಲ ಬರೀತಾ ಹೋದ್ರೆ ಅದು ಋತುವಿನ ಚಿತ್ರ ಅಲ್ಲ, ವಾಲ್‌ಪೇಪರ್. ಮುಂದೆ ಯಾರಾದ್ರೂ ಈ ಕಾಲದ ಚಿತ್ರ ನೋಡಿ ಮಳೆ ಹೇಗಿತ್ತು ಅಂತ ತಿಳ್ಕೊಳ್ಳೋಕೆ ಬಂದ್ರೆ, ಅವರಿಗೆ ಸುಳ್ಳು ಹೇಳಿದ ಹಾಗಾಗುತ್ತೆ.

ಮಾರನೇ ವರ್ಷ ಮಳೆ ಬಂತು. ಆಗಿನ ಚಿತ್ರ ಹಳೇ ಪೋಸ್ಟಲ್ಲಿದೆ, ಪೂರ್ತಿ ಹಸಿರು. ಅಕ್ಕಪಕ್ಕ ಇಟ್ಟು ನೋಡಿ, ಎರಡೂ ಒಂದೇ ಹೊಲ.

ಭಾಗ 6/7 · ಮೆಟ್ಟಿಲಾದ ರೋಣಗಲ್ಲು

ಈಗ ನಿಮ್ಮ ವಾದಗಳಿಗೆ ಬರ್ತೀನಿ. ಮೂರೂ ಗಟ್ಟಿ ವಾದಗಳೇ.

ಒಂದು: 'ಚಿತ್ರ ನೋಡಿದ್ರೆ ನೆಮ್ಮದಿ ಸಿಗ್ಬೇಕು, ಕಷ್ಟ ನೋಡೋಕೆ ನ್ಯೂಸ್ ಇದೆ.' ನೆಮ್ಮದಿ ಬೇಡ ಅಂದವರು ಯಾರು? ಡೈರಿ ಕ್ಯಾನಿನ ಬೆಳಕು, ಟಾರಿನ ಮೇಲಿನ ರಾಗಿ ನೆಮ್ಮದಿ ಕೊಡಲ್ವಾ? ಇರೋದರಲ್ಲಿ ಚೆಲುವು ಹುಡುಕಿ ಅಂತಿದ್ದೀನಿ, ಬರೀ ಗೋಳು ಬರೀರಿ ಅಂತ ಅಲ್ಲ.

ಎರಡು: 'ಹಳೇದು ಮರೆತುಹೋಗದಿರಲಿ ಅಂತ ಬರೆಯೋದು.' ಒಪ್ತೀನಿ. ಆದ್ರೆ ನೆನಪಿಗೆ ಇಸವಿ ಇರುತ್ತೆ. ಈ ಚಿತ್ರದಲ್ಲಿರೋ ರೋಣಗಲ್ಲು ಈಗ ಒಂದು ಮನೆ ಬಾಗಿಲಲ್ಲಿ ಮೆಟ್ಟಿಲಾಗಿದೆ. ಅದರ ಮೇಲೆ ಮಗು ಕೂತು ಬಿಸ್ಕೆಟ್ ತಿಂತಿದೆ. ಕಲ್ಲು ಇದೆ, ಕಾಲ ಹೋಗಿದೆ, ಎರಡನ್ನೂ ಒಟ್ಟಿಗೆ ಬರೀಬಹುದು. ಬೆಂಗಳೂರಿನ ಹೂಬಿಟ್ಟ ಮರಗಳನ್ನ ಬರೆದ ರುಮಾಲೆ ಚನ್ನಬಸವಯ್ಯನವರನ್ನ ನೋಡಿ. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದದ್ದು, ಜಕರಾಂಡ ದಕ್ಷಿಣ ಅಮೆರಿಕದ್ದು. ಇಂಥ ಮರಗಳು ತುಂಬಿದ್ದ, ತಮ್ಮ ಕಣ್ಮುಂದಿನ ಊರನ್ನೇ ಅವರು ಬರೆದ್ರು. ಅದೇ ಇವತ್ತು ನಮಗೆ 'ಹಳೇ ಬೆಂಗಳೂರು'. ಬ್ರೂಗಲ್ 1565ರಲ್ಲಿ ಕೊಯ್ಲಿನ ಚಿತ್ರ ಬರೆದಾಗ ಮರದಡಿ ಊಟ ಮಾಡ್ತಿರೋರನ್ನ, ಕಾಲು ಚಾಚಿ ನಿದ್ದೆ ಹೊಡೀತಿರೋನನ್ನ ಬರೆದ. ಅವನಿಗೆ ಅದು ಹಳೇ ಕಾಲ ಆಗಿರಲಿಲ್ಲ, ಆ ವರ್ಷದ ಸುಗ್ಗಿ.

ಮೂರು: 'ಲೈಕ್ ಬೀಳೋದು ಗುಡಿಸಲಿಗೇ.' ನಿಜ. ಆದ್ರೆ ಆ ಗುಡಿಸಲನ್ನ ಈಗ ಎಐ ಹತ್ತು ಸೆಕೆಂಡಲ್ಲಿ ಬರೆದು ಕೊಡುತ್ತೆ, ನಮಗಿಂತ ಫಿನಿಶಿಂಗ್ ಆಗಿ. ಅದಕ್ಕೆ ಗೊತ್ತಿರೋದು ಈಗಾಗಲೇ ಲಕ್ಷ ಸಲ ಬರೆದಿರೋ ಹಳ್ಳಿ. ನಿಮ್ಮೂರ ಡೈರಿ ಮುಂದೆ ನಿಂತು ಚಳಿ ತಿಂದು ನೋಡೋಕೆ ಅದಕ್ಕೆ ಆಗಲ್ಲ. ನಮ್ಮ ಹತ್ರ ಉಳಿದಿರೋದು ಅದೊಂದೇ, ಅದನ್ನೂ ಬಿಟ್ಕೊಟ್ರೆ ಬ್ರಷ್ ಹಿಡಿಯೋದು ಯಾಕೆ?

ಭಾಗ 7/7 · ಹೊಂಗೆ ಚಿಗುರು, ಎರಡು ಪಾಯಿಂಟ್ ನೆಟ್‌ವರ್ಕ್

ಕೊನೇ ಚಿತ್ರ ಯುಗಾದಿ ಹೊತ್ತಿನದು. ಹೊಂಗೆ ಚಿಗುರಿನ ಹಸಿರು ಬರೆಯೋದು ಕಷ್ಟ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ. ಮರದ ಕೆಳಗೆ ಆರು ಜನ ಹುಡುಗ್ರು ಫೋನ್ ಎತ್ತಿ ಹಿಡಿದಿದ್ದಾರೆ, ಯಾಕಂದ್ರೆ ಊರಲ್ಲಿ ನೆಟ್‌ವರ್ಕ್ ಸಿಗೋದು ಅಲ್ಲೇ. ಒಬ್ಬ ಕೆಲಸದ ಅರ್ಜಿ ತುಂಬ್ತಿದ್ದಾನೆ. ಅವನನ್ನ ಅಳಿಸಿ ಅಲ್ಲೊಬ್ಬ ಕೊಳಲೂದೋ ಹುಡುಗನ್ನ ಕೂರಿಸು ಅಂತ ಈಗಾಗಲೇ ಒಬ್ರು ಹೇಳಿದ್ದಾರೆ 🙏

ಯಾರು ಚಿತ್ರದಲ್ಲಿ ಕಾಣಲ್ವೋ ಅವರ ಕಷ್ಟಾನೂ ಕಾಣಲ್ಲ. ಹಳ್ಳಿ ಅಂದ್ರೆ ಸ್ವರ್ಗ ಅಂತ ನಂಬಿದೋರಿಗೆ ಅಲ್ಲಿಗೆ ಬಸ್ ಬೇಕು, ಒಕ್ಕಣೆಗೆ ಜಾಗ ಬೇಕು, ಹೆಣ್ಣಾಳಿಗೆ ಸರಿಯಾದ ಕೂಲಿ ಬೇಕು ಅಂದ್ರೆ ಆಶ್ಚರ್ಯ ಆಗುತ್ತೆ. 'ಅಷ್ಟು ಚೆನ್ನಾಗಿದ್ದೀರಲ್ಲಾ, ಇನ್ನೇನು ಬೇಕು' ಅಂತಾರೆ. ನಾನು ಜಗಳಕ್ಕೆ ನಿಂತಿರೋದು ಅದಕ್ಕೇ.

ಪೇಂಟ್ ಮಾಡೋರಿಗೆ ನನ್ನದೊಂದು ಕೋರಿಕೆ. ಮುಂದಿನ ಸಲ ಊರಿಗೆ ಹೋದಾಗ, 'ಇದು ಫ್ರೇಮಲ್ಲಿ ಬೇಡ' ಅಂತ ನೀವು ಪಕ್ಕಕ್ಕೆ ಸರಿಸೋ ವಸ್ತು ಯಾವುದು ಅಂತ ಗಮನಿಸಿ. ಪ್ಲಾಸ್ಟಿಕ್ ಕೊಡ, ಸಿಂಟೆಕ್ಸ್ ಟ್ಯಾಂಕ್, ಅಪ್ಪನ ಹರಿದ ಬನಿಯನ್, ಏನೇ ಇರಲಿ. ಅದನ್ನೇ ನಡುವೆ ಇಟ್ಟು ಬರೀರಿ. ಪೆನ್ಸಿಲ್ ಆದ್ರೂ ಸಾಕು. ಯಾವ ಊರು, ಯಾವ ತಿಂಗಳು, ಆ ವರ್ಷ ಮಳೆ ಹೇಗಿತ್ತು, ಇಷ್ಟು ಹಿಂದೆ ಬರೆದಿಡಿ. ನನಗೆ ಟ್ಯಾಗ್ ಮಾಡಿ, ನಿಮ್ಮ ಅನುಮತಿ ಇದ್ರೆ ಸ್ಟೋರಿಗೆ ಹಾಕ್ತೀನಿ.

ಬರೆಯದೇ ಇರೋರಿಗೂ ಒಂದು ಕೆಲಸ ಇದೆ. ನಿಮ್ಮೂರ ರಾಗಿ ಈಗ ಎಲ್ಲಿ ಒಕ್ತಾರೆ? ಕಾಮೆಂಟಲ್ಲಿ ಹೇಳಿ.

#ಹಳ್ಳಿಚಿತ್ರ #ಆಯಿಲ್‌ಪೇಂಟಿಂಗ್ #ನೀಲಿಟಾರ್ಪಾಲು #ತುಮಕೂರು